ಗಿಳಿಯ ಕಂಬ

ಇವತ್ತಿಗೂ ಬಸ್ಸಿನಲ್ಲಿ ಯಾರಾದರೂ ತಲೆ ತುಂಬ ಮಲ್ಲಿಗೆ ಮುಡಿದು ಬಂದು ಪಕ್ಕದಲ್ಲಿ ಕುಳಿತರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಆ ಹೆಂಗಸಿನ ಮೇಲೆ ಅಲ್ಲ, ಪಾಪ, ಅವರು ಯಾರೋ ಏನೋ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಶಂಕರಪುರದ ಜಲಜಕ್ಕನ ಮನೆಯ ಜಗಲಿ ಕಣ್ಣ ಮುಂದೆ ಬರುತ್ತದೆ, ಆ ಜಗಲಿಯಲ್ಲಿ ಕಾಲು ಚಾಚಿ ಕುಳಿತ ನನ್ನ ಮೊಮ್ಮಗಳು ಬರುತ್ತಾಳೆ. ಮೊನ್ನೆ ಕಾರ್ಕಳದಿಂದ ಉಡುಪಿಗೆ ಹೋಗುವಾಗ ಹಿರಿಯಡ್ಕದಲ್ಲಿ ಹತ್ತಿದ ಒಬ್ಬರು ಹಾಗೆಯೇ ಬಂದು ಕುಳಿತರು. ನಾನು ಕಿಟಕಿಯನ್ನು ಪೂರ್ತಿ ತೆರೆದೆ. ಗಾಳಿ ಬಂತು, ವಾಸನೆ ಹೋಗಲಿಲ್ಲ. ಉಡುಪಿ ಮುಟ್ಟುವಷ್ಟರಲ್ಲಿ ಆ ಬೇಸಿಗೆ ರಜೆ ಪೂರ್ತಿ ಇನ್ನೊಮ್ಮೆ ಕಳೆದು ಹೋಯಿತು.

ನಾನು ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೂ ಊರಿನಲ್ಲಿ ವಿಮಲಾ ಎಂದು ಕರೆಯುವವರು ಕಡಿಮೆ, ಕ್ರಾಫ್ಟ್ ಟೀಚರ್ ಎಂದರೆ ನಮ್ಮ ಮನೆಯ ದಾರಿ ಯಾರು ಬೇಕಾದರೂ ತೋರಿಸುತ್ತಾರೆ. ಮಗಳು ರಶ್ಮಿ, ಅಳಿಯ ಪ್ರಶಾಂತ ಇಬ್ಬರಿಗೂ ಮಣಿಪಾಲದಲ್ಲಿ ಕೆಲಸ. ಅವರ ಒಬ್ಬಳೇ ಮಗಳು ಸಾನ್ವಿಗೆ ಆಗ ಎರಡನೇ ತರಗತಿ ಮುಗಿದಿತ್ತು. ತಂದೆತಾಯಿ ಇಬ್ಬರೂ ಬೆಳಿಗ್ಗೆ ಹೊರಟುಹೋಗುವ ಮನೆಯಲ್ಲಿ ರಜೆಯ ಮಗುವನ್ನು ಇಟ್ಟುಕೊಳ್ಳುವುದು ಹೇಗೆ? ರಶ್ಮಿಯೇ ಹಂಚಿಕೆ ಮಾಡಿದಳು. ಏಪ್ರಿಲ್ ನನ್ನ ಪಾಲಿಗೆ, ಮೇ ತಿಂಗಳು ಪ್ರಶಾಂತನ ತಾಯಿ ಜಲಜಕ್ಕನ ಪಾಲಿಗೆ, ಶಾಲೆ ಶುರುವಾಗುವ ಮುಂಚಿನ ಕೊನೆಯ ವಾರ ಮತ್ತೆ ನನಗೆ. ಹಲಸಿನ ಹಣ್ಣು ಕೊಯ್ದು ಎರಡು ಮನೆಗೆ ಪಾಲು ಮಾಡಿದ ಹಾಗೆ.

ಜಲಜಕ್ಕನಿಗೆ ಮನೆಯ ಸುತ್ತ ಮಲ್ಲಿಗೆ ಗಿಡಗಳು. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಧ್ಯಾಹ್ನದ ಒಳಗೆ ಮಾರಾಟಕ್ಕೆ ಕಳಿಸಿಬಿಡುವವರು. ಆ ಕಾರಣಕ್ಕೆ ಸಾನ್ವಿ ಅವರನ್ನು ಕರೆಯುವುದು ಹೂವಜ್ಜಿ ಎಂದು. ನನ್ನನ್ನು ಏನೆಂದು ಕರೆಯುತ್ತಾಳೆ ಗೊತ್ತೇ? ಕತ್ತರಿ ಅಜ್ಜಿ. ಯಾರಾದರೂ ಕೇಳಿಸಿಕೊಂಡರೆ ಕ್ಷೌರದ ಅಂಗಡಿ ಇಟ್ಟವಳು ಅಂತ ತಿಳಿಯಬೇಕು. ಮಗು ಪ್ರೀತಿಯಿಂದ ಕರೆದದ್ದೇ, ನಾನೂ ಎಲ್ಲರ ಎದುರು ನಗುತ್ತಿದ್ದೆ. ಆದರೆ ಒಬ್ಬಳಿಗೆ ಹೂವು, ಇನ್ನೊಬ್ಬಳಿಗೆ ಕತ್ತರಿ ಬಂತಲ್ಲ, ಅದು ಒಳಗೆ ಚುಚ್ಚುತ್ತಿತ್ತು.

ಆ ವರ್ಷ ಶಾಲೆಯವರು ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು. ಮನೆಯಲ್ಲಿ ಎಸೆಯುವ ವಸ್ತುಗಳಿಂದ ರಜೆಯಲ್ಲಿ ಏನಾದರೊಂದು ಮಾದರಿ ಮಾಡಿ ತರಬೇಕು, ಶಾಲೆ ಶುರುವಾಗುವ ದಿನ ಎಲ್ಲವನ್ನೂ ಸಾಲಾಗಿ ಇಡುತ್ತಾರೆ, ಹೆತ್ತವರೂ ಬಂದು ನೋಡಬಹುದು. ರಶ್ಮಿ ಫೋನಿನಲ್ಲಿ ಇದನ್ನು ಹೇಳಿ, "ಅಮ್ಮಾ, ಇದು ನಿಮ್ಮ ಸಬ್ಜೆಕ್ಟ್" ಎಂದಳು. ನನಗೆ ಬೇರೆ ಏನು ಬೇಕು. ಆ ಸಾಲಿನಲ್ಲಿ ಸಾನ್ವಿಯ ಮಾದರಿಯ ಮುಂದೆ ನಾಲ್ಕು ಜನ ನಿಲ್ಲಬೇಕು, ಯಾರು ಕಲಿಸಿದ್ದು ಎಂದು ಕೇಳಬೇಕು, ಅವಳು ನನ್ನನ್ನು ತೋರಿಸಬೇಕು. ಜಲಜಕ್ಕ ಪಕ್ಕದಲ್ಲೇ ನಿಂತಿದ್ದರೆ ಇನ್ನೂ ಒಳ್ಳೆಯದು. ಆ ರಜೆಯಲ್ಲಿ ನನಗೆ ಇದ್ದ ಆಸೆ ಇದೊಂದೇ.

ಏಪ್ರಿಲಿನ ಸೆಕೆ ನಿಮಗೆ ಗೊತ್ತಿರುವುದೇ. ಕಾರ್ಕಳದ ಕಲ್ಲುಬಂಡೆ ಹಗಲೆಲ್ಲ ಕಾದು ಸಂಜೆ ನಮ್ಮ ಮನೆಯ ಮೇಲೆ ಬಿಸಿ ಉಗುಳುತ್ತದೆ. ಅಂಥದ್ದರಲ್ಲೂ ನಾನು ಮಗುವಿಗೆ ಒಂದು ಗಳಿಗೆ ಬೇಸರವಾಗಲು ಬಿಡಲಿಲ್ಲ. ಹಲಸಿನ ಎಲೆಗಳನ್ನು ಹಿಡಿಸೂಡಿ ಎನ್ನುವ ನಮ್ಮ ಕಡೆಯ ಪೊರಕೆಯ ಕಡ್ಡಿಯಿಂದ ಚುಚ್ಚಿ ಕಿರೀಟ ಮಾಡಿದೆವು. ತೆಂಗಿನ ಗರಿಯಲ್ಲಿ ವಾಚು, ಕನ್ನಡಕ, ಗಿರಿಗಿಟ್ಲೆ, ಊದಿದರೆ ಎಮ್ಮೆಯಂತೆ ಕೂಗುವ ಪೀಪಿ. ತಿಂದು ಎಸೆದ ಕಾಟು ಮಾವಿನ ಗೊರಟನ್ನು ತೊಳೆದು ಒಣಗಿಸಿ, ಅದರ ನಾರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಾಚಿ, ಕಣ್ಣು ಮೂಗು ಬರೆದರೆ ಗಡ್ಡದ ಮುದುಕನಾಗುತ್ತದೆ. ಅಂಥ ಮುದುಕರು ಕಿಟಕಿಯ ದಂಡೆಯಲ್ಲಿ ಒಂದು ಸಾಲು ಕುಳಿತಿದ್ದರು. ಸಾನ್ವಿ ಒಬ್ಬೊಬ್ಬನಿಗೂ ಹೆಸರಿಟ್ಟಿದ್ದಳು. ಒಬ್ಬನಿಗೆ ಅವಳ ಅಪ್ಪನ ಹೆಸರು.

ಶಾಲೆಯ ಮಾದರಿಗೆ ಮಾತ್ರ ನಾನು ಮೊದಲೇ ನಿರ್ಧಾರ ಮಾಡಿದ್ದೆ. ನಮ್ಮ ಊರಿನ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಮುಖ, ಸುತ್ತ ಕಲ್ಲಿನ ಕಂಬಗಳು, ನಮ್ಮ ಅಂಗಳದಿಂದಲೇ ಕಾಣುತ್ತದೆ. ಮಾಡಲು ಬೇಕಾದ ಸಾಮಾನು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಎಷ್ಟೋ ವರ್ಷದಿಂದ ಕಾಯುತ್ತಿತ್ತು. ಮದುವೆಯ ಕಾಗದಗಳು. ಈಗಿನ ಮದುವೆ ಕಾಗದಗಳ ದಪ್ಪ, ಬಣ್ಣ, ಚಿನ್ನದ ಅಂಚು ನೋಡಿದರೆ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಊರಿನವರೆಲ್ಲ ತಮ್ಮ ಮನೆಯವನ್ನೂ ತಂದು ನನಗೆ ಕೊಡುತ್ತಾರೆ. ಒಂದೇ ನಿಯಮ. ಕಾಗದ ಕೈಗೆ ಬಂದರೆ ಮೊದಲು ಅದರ ಮೇಲಿನ ಗಣಪತಿಯನ್ನು ಸುತ್ತಲೂ ಕತ್ತರಿಸಿ ಬೇರೆ ಇಡಬೇಕು. ದೇವರ ಚಿತ್ರ ಮಡಚಬಾರದು, ಅಂಟು ಹಚ್ಚಬಾರದು, ಕಾಲಡಿಗೆ ಬೀಳಬಾರದು. ಹಾಗೆ ತೆಗೆದಿಟ್ಟ ಗಣಪತಿಗಳೇ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇದ್ದಾರೆ, ವರ್ಷಕ್ಕೊಮ್ಮೆ ಹೊಳೆಗೆ ಬಿಟ್ಟು ಬರುತ್ತೇನೆ. ಸಾನ್ವಿಗೆ ಈ ಕೆಲಸ ಬಹಳ ಇಷ್ಟ. ನಾಲಿಗೆ ಹೊರಗೆ ಹಾಕಿಕೊಂಡು, ಸೊಂಡಿಲಿಗೆ ಕತ್ತರಿ ತಾಗದ ಹಾಗೆ ಕಾಗದವನ್ನು ತಿರುಗಿಸಿ ತಿರುಗಿಸಿ ಕತ್ತರಿಸುತ್ತಿದ್ದಳು.

ಮೈದಾ ಹಿಟ್ಟಿಗೆ ಬೇವಿನ ಎಲೆ ಹಾಕಿ ಕುದಿಸಿ ಅಂಟು ಮಾಡಿದೆ. ಕಾಗದವನ್ನು ಪೆನ್ಸಿಲಿಗೆ ಸುತ್ತಿ, ಅಂಚಿಗೆ ಅಂಟು ಹಚ್ಚಿ, ನೂಲು ಕಟ್ಟಿ ಒಣಗಿಸಿದರೆ ಕಂಬ. ಅವಳು ಮಾಡಿದ ಕಂಬಗಳು ಒಂದು ದಪ್ಪ, ಒಂದು ಸಪೂರ, ಒಂದು ನಡು ಬಾಗಿದ ಅಜ್ಜನ ಹಾಗೆ. ಒಂದು ಕಾಗದದಲ್ಲಿ ಹಸಿರು ಗಿಳಿಗಳ ಚಿತ್ರವಿತ್ತು. ಅದನ್ನು ಯಾರಿಗೂ ಮುಟ್ಟಲು ಬಿಡದೆ ತಾನೇ ಸುತ್ತಿದಳು. ಗಿಳಿ ಹೊರಗೆ ಕಾಣಬೇಕೆಂದು ಮೂರು ಸಲ ಬಿಚ್ಚಿ ಸುತ್ತಿದ್ದರಿಂದ ಆ ಕಂಬ ಎಲ್ಲಕ್ಕಿಂತ ಹೆಚ್ಚು ಸೊಟ್ಟವಾಯಿತು.

ಬಸದಿ ಎಂದರೆ ಅಳತೆ. ಒಂದು ಕಂಬ ಗಿಡ್ಡವಾದರೆ ಮೇಲೆ ಹೊದೆಸಿದ ಮಾಡು ವಾಲುತ್ತದೆ. ಅವಳು ಮಧ್ಯಾಹ್ನ ಉಂಡು ಮಲಗಿದ್ದಾಗ ನಾನು ಕುಳಿತು ಕಂಬಗಳನ್ನೆಲ್ಲ ಹೊಸದಾಗಿ ಸುತ್ತಿದೆ. ಎಲ್ಲವೂ ಒಂದೇ ಎತ್ತರ, ಒಂದೇ ದಪ್ಪ. ಹಳೆಯವನ್ನು ಗುಡಿಸಿ ಬುಟ್ಟಿಗೆ ಹಾಕಿದೆ. ಎದ್ದು ಬಂದವಳು ಬಸದಿಯ ಸುತ್ತ ಒಂದು ಪ್ರದಕ್ಷಿಣೆ ಬಂದಳು.

"ಗಿಳಿಯ ಕಂಬ ಎಲ್ಲಿ ಅಜ್ಜಿ?"

"ಅದು ಸ್ವಲ್ಪ ಸೊಟ್ಟ ಇತ್ತಲ್ಲ ಪುಟ್ಟಿ. ಬೇರೆ ಹಾಕಿದ್ದೇನೆ, ನೋಡು ಎಷ್ಟು ಚಂದ ಉಂಟು."

"ಹೌದು, ಚಂದ ಉಂಟು" ಎಂದಳು. ಆಮೇಲೆ ಮಾಡು ಕೂರಿಸಲು ಕರೆದರೆ, "ನೀವೇ ಮಾಡಿ ಅಜ್ಜಿ, ನಾನು ನೋಡ್ತೇನೆ" ಎಂದು ಗಲ್ಲಕ್ಕೆ ಕೈ ಕೊಟ್ಟು ಕುಳಿತಳು. ಕಲಿಯುವ ಮಕ್ಕಳು ಹೀಗೆಯೇ ಕೂರಬೇಕು ಎಂದು ನನಗೆ ಸಂತೋಷವಾಯಿತು. ನಿಜವಾದ ಬಸದಿಗೆ ಶಿಖರವಿಲ್ಲ, ಚಂದಕ್ಕೆಂದು ನಾನು ಒಂದು ಮಾಡಿದ್ದೆ, ಅದನ್ನು ಮಾತ್ರ ಬಾಕಿ ಇಟ್ಟೆ. ಕೊನೆಯ ವಾರ ಬಂದಾಗ ಅವಳ ಕೈಯಿಂದಲೇ ಇಡಿಸಿದರಾಯಿತು ಎಂದುಕೊಂಡೆ.

ಮೇ ಮೊದಲಿಗೆ ಪ್ರಶಾಂತ ಬಂದು ಅವಳನ್ನು ಶಂಕರಪುರಕ್ಕೆ ಕರೆದುಕೊಂಡು ಹೋದ. ಮನೆ ಭಣಗುಟ್ಟಿತು. ಕಿಟಕಿಯಲ್ಲಿ ಗೊರಟಿನ ಮುದುಕರು, ಮೇಜಿನ ಮೇಲೆ ಶಿಖರವಿಲ್ಲದ ಬಸದಿ, ನಡುವೆ ನಾನು. ಸಂಜೆ ಫೋನು ಮಾಡುತ್ತಿದ್ದೆ. ಅವಳಿಗೆ ಮಾತಾಡಲು ಪುರುಸೊತ್ತಿಲ್ಲ. "ಅಜ್ಜಿ, ಈಗ ಫೋನ್ ಇಡ್ಲಾ? ನಮ್ಗೆ ಕೆಲಸ ಉಂಟು" ಎನ್ನುತ್ತಿದ್ದಳು. ಎಂತ ಕೆಲಸ ಎಂದರೆ ಹಿಂದಿನಿಂದ ಜಲಜಕ್ಕ ನಗುವುದು ಕೇಳಿಸುತ್ತಿತ್ತು. ನಮ್ಗೆ ಎಂದರೆ ಯಾರು ಯಾರಿಗೆ? ನನ್ನ ಮನೆಯಲ್ಲಿ ಒಂದು ತಿಂಗಳು ಇದ್ದವಳು ಒಂದು ದಿನವೂ ಫೋನಿನಲ್ಲಿ ಅಮ್ಮನಿಗೆ ಹಾಗೆ ಹೇಳಿರಲಿಲ್ಲ. ಅಮ್ಮ ಕರೆದರೆ ಅರ್ಧ ಗಂಟೆ ಮಾತಾಡುತ್ತಿದ್ದಳು. ಫೋನಿಟ್ಟ ಮೇಲೆ ನಾನು ಲೆಕ್ಕ ಹಾಕುತ್ತಿದ್ದೆ, ಜಲಜಕ್ಕನಿಗೆ ಏನು ಬರುತ್ತದೆ ಅಂತ. ಹೂ ಕಟ್ಟುವುದು ಬಿಟ್ಟರೆ ಏನೂ ಇಲ್ಲ. ರಶ್ಮಿಯ ಸೀಮಂತಕ್ಕೆ ಉಡುಗೊರೆಗೆ ಕಾಗದ ಸುತ್ತಲು ಹೊರಟು ಅಂಟುಪಟ್ಟಿಯನ್ನು ತಮ್ಮ ಸೀರೆಗೇ ಅಂಟಿಸಿಕೊಂಡವರು. ಅಂಥವರು ಒಂದು ತಿಂಗಳು ಮಗುವಿಗೆ ಏನು ಕಲಿಸುತ್ತಾರೆ? ಟಿವಿ ಹಾಕಿ ಕೊಟ್ಟಿರಬೇಕು. ಹಾಗೆ ಆಗಿರಲಿ ಎಂದೇ, ಸುಳ್ಳೇಕೆ ಹೇಳಲಿ, ನನ್ನ ಮನಸ್ಸು ಬಯಸುತ್ತಿತ್ತು.

ಮೇ ನಡುವಿನಲ್ಲಿ ಒಂದು ಸಂಜೆ ಗುಡುಗಿ ಒಳ್ಳೆಯ ಮಳೆ ಬಂತು. ಮರುದಿನ, ಮೊದಲೇ ಬಿಸಿಲಿಗೆ ಒಣಗಿಸಿಟ್ಟಿದ್ದ ಹಲಸಿನ ಹಪ್ಪಳದ ಒಂದು ಕಟ್ಟು ಹಿಡಿದುಕೊಂಡು ನಾನು ಹೊರಟೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವ ಹಾಗಿಲ್ಲ, ಹಪ್ಪಳ ಕೊಡುವ ನೆಪವಿದ್ದರೆ ಯಾಕೆ ಬಂದಿರಿ ಎಂದು ಯಾರೂ ಕೇಳುವುದೂ ಇಲ್ಲ. ಬೆಳ್ಮಣ್ಣಿನಲ್ಲಿ ಬಸ್ಸು ಬದಲಿಸಿ ಶಿರ್ವದ ಮೇಲೆ ಶಂಕರಪುರ. ಫೋನು ಮಾಡಿರಲಿಲ್ಲ, ಬೇಕೆಂದೇ ಮಾಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡಬೇಕಿತ್ತು.

ಅವರ ಅಂಗಳಕ್ಕೆ ಕಾಲಿಡುವ ಮೊದಲೇ ಆ ವಾಸನೆ. ಒದ್ದೆ ಬಟ್ಟೆಯ ಮೇಲೆ ಉಳಿದ ಮೊಗ್ಗಿನ ರಾಶಿ, ನೀರಿನಲ್ಲಿ ನೆನೆಸಿದ ಬಾಳೆನಾರು, ಮಳೆ ಬಿದ್ದ ಮಣ್ಣು. ಟಿವಿಯ ಸದ್ದಿರಲಿಲ್ಲ. ಜಗಲಿಯ ಮರದ ದಳಿಯ ಆಚೆ ನನ್ನದೇ ಧ್ವನಿ ಕೇಳಿಸಿತು. ಮಾತು ನನ್ನವು, ಗಂಟಲು ಮಾತ್ರ ಸಾನ್ವಿಯದು.

"ಮೊದಲು ಗಣಪತಿ ತೆಗೀರಿ ಹೂವಜ್ಜಿ. ಎಷ್ಟು ಸಲ ಹೇಳುದು? ದೇವರ ಮೇಲೆ ಅಂಟು ಹಾಕ್ಲಿಕ್ಕೆ ಉಂಟಾ?"

"ಇಲ್ಲ ಮಾರಾಯ್ತಿ, ಮರ್ತು ಹೋಯ್ತು."

"ಕತ್ತರಿ ತಿರುಗಿಸ್ಬಾರ್ದು, ಕಾಗದ ತಿರುಗಿಸ್ಬೇಕು."

ಇದು ನಾನು ಶಾಲೆಯಲ್ಲಿ ಎಷ್ಟೋ ತಲೆಮಾರಿನ ಮಕ್ಕಳಿಗೆ ಹೇಳಿದ ಮಾತು. ಮೆಟ್ಟಿಲಿನ ಹತ್ತಿರ ನಿಂತುಬಿಟ್ಟೆ. ಜಗಲಿಯಲ್ಲಿ ಜಲಜಕ್ಕ ಚಕ್ಕಳಮಕ್ಕಳ ಕುಳಿತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪೆನ್ಸಿಲಿಗೆ ಮದುವೆ ಕಾಗದ ಸುತ್ತುತ್ತಿದ್ದರು. ಎದುರಿಗೆ ಸಾನ್ವಿ, ಕೈಯಲ್ಲಿ ಸ್ಕೇಲು. ಮಧ್ಯದಲ್ಲಿ ಒಂದು ಬಾವಿ. ತೆಂಗಿನ ಗೆರಟೆಯ ಬಾವಿಕಟ್ಟೆ, ಹಿಡಿಸೂಡಿ ಕಡ್ಡಿಯ ಅಡ್ಡ, ಬಾಳೆನಾರಿನ ಹಗ್ಗ, ಬಾಟಲಿ ಮುಚ್ಚಳದ ಕೊಡಪಾನ. ಅಡ್ಡವನ್ನು ಹೊರಲು ಎರಡು ಕಂಬ ಬೇಕು. ಒಂದು ಜಲಜಕ್ಕ ಸುತ್ತುತ್ತಿದ್ದದ್ದು. ಇನ್ನೊಂದು ಆಗಲೇ ನಿಂತಿತ್ತು. ಸೊಟ್ಟಗೆ, ಮೈ ತುಂಬ ಹಸಿರು ಗಿಳಿಗಳು.

ನನ್ನ ಮನೆಯ ಬುಟ್ಟಿಯಿಂದ ಅವಳು ಅದನ್ನು ಯಾವಾಗ ಎತ್ತಿಕೊಂಡಳೋ. ಬಟ್ಟೆಯ ಚೀಲವನ್ನು ತುಂಬಿಸಿದವಳು ನಾನೇ, ನನಗೆ ಕಂಡಿರಲಿಲ್ಲ.

ಜಲಜಕ್ಕ ಸುತ್ತಿದ ಕಂಬ ಬಿಚ್ಚಿಕೊಂಡು ಬೆಂಡೆಕಾಯಿಯಂತೆ ಉಬ್ಬಿತು. "ಸೊಟ್ಟ ಆಯ್ತಲ್ಲ ಪುಟ್ಟಾ, ಬೇರೆ ಮಾಡುವನಾ?" ಎಂದರು. ಸಾನ್ವಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಆಚೆ ಈಚೆ ನೋಡಿ, "ಇರ್ಲಿ ಹೂವಜ್ಜಿ, ನೀವು ಮಾಡಿದ್ದಲ್ವಾ. ನೀರು ಬಂದ್ರೆ ಆಯ್ತು" ಎಂದು ಗಿಳಿಯ ಕಂಬದ ಎದುರು ನಿಲ್ಲಿಸಿಬಿಟ್ಟಳು.

ಆಮೇಲೆ ನನ್ನನ್ನು ಕಂಡರು. "ಅಯ್ಯೋ ಟೀಚರೇ, ಯಾವಾಗ ಬಂದ್ರಿ, ಬನ್ನಿ ಬನ್ನಿ. ನಿಮ್ಮ ಮೊಮ್ಮಗಳು ಅವಳ ಶಾಲೆಗೆ ನನ್ನನ್ನು ಸೇರಿಸಿದ್ದಾಳೆ. ನನಗೆ ಎಂತ ಬರ್ತದೆ, ದಿನಾ ಬೈಸಿಕೊಳ್ಳುದು." ಜಲಜಕ್ಕನ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಸಾನ್ವಿ ಓಡಿ ಬಂದು ನನ್ನ ಸೊಂಟ ಹಿಡಿದಳು, ಮರುಕ್ಷಣ ಸ್ಕೇಲು ಬಿಟ್ಟು ಬಂದದ್ದು ನೆನಪಾಗಿ ವಾಪಸು ಹೋದಳು. ಬೆಲ್ಲ ನೀರು ಕೊಟ್ಟರು, ಕುಡಿದೆ. ಹಪ್ಪಳ ಕೊಟ್ಟೆ. ನಾನು ಕಲಿಸಿದ ಮಾತು, ನಾನು ಕಲಿಸಿದ ಕೆಲಸ, ಎಲ್ಲವನ್ನೂ ಕೂತಲ್ಲೇ ಅನುಭವಿಸುತ್ತಿರುವವರು ಅವರು. ನನಗೆ ಗಲ್ಲಕ್ಕೆ ಕೈಕೊಟ್ಟು ಕುಳಿತ ಮಗು ಸಿಕ್ಕಿತು, ಅವರಿಗೆ ಸ್ಕೇಲು ಹಿಡಿದು ಬೈಯುವ ಮಗು. ಒಂದು ಕಂಬ ನೆಟ್ಟಗೆ ಸುತ್ತಲು ಬಾರದ್ದಕ್ಕೆ ಒಬ್ಬರಿಗೆ ಇಷ್ಟು ಸುಖ ಸಿಗುತ್ತದೆ ಎಂದರೆ ನನ್ನ ಕೈಯ ಕಸುಬನ್ನು ನಾನು ಎಲ್ಲಿ ಇಡಲಿ? ಸಂಜೆಯ ಬಸ್ಸಿನಲ್ಲಿ ಕಾರ್ಕಳದ ತನಕ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಬೆಲ್ಲ ನೀರಿನಿಂದ ಅಲ್ಲ.

ಮೇ ಕೊನೆಗೆ ಅವಳು ಬಂದಳು. ಆಕಾಶ ದಿನವೂ ಕಪ್ಪಗಾಗಿ ಹಗುರ ಹನಿ ಉದುರಿಸಿ ಹೋಗುತ್ತಿತ್ತು. ಬಾವಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಜೋಪಾನವಾಗಿ ತಂದಿದ್ದಳು. ನಾನು ಬಸದಿಯ ಶಿಖರ ತಂದು ಅವಳ ಕೈಗಿತ್ತೆ. ಅವಳು ಅದನ್ನು ಸರಿಯಾಗಿ ಮಧ್ಯದಲ್ಲಿ ಇಟ್ಟಳು, ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು.

"ತುಂಬ ಚಂದ ಆಗಿದೆ ಅಜ್ಜಿ" ಎಂದಳು. ಆಮೇಲೆ, "ಶಾಲೆಗೆ ನಾನು ಬಾವಿ ಕೊಂಡು ಹೋಗ್ತೇನೆ. ಇದು ನಿಮ್ಮದಲ್ವಾ, ಇಲ್ಲೇ ಇರ್ಲಿ. ನಿಮ್ಮ ಮನೆಗೆ ಬರುವವರೆಲ್ಲ ನೋಡ್ಲಿ."

ಬಹಳ ಗೌರವದಿಂದ ಹೇಳಿದ ಮಾತು. ಆದರೂ ಅಡಿಗೆ ಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆ ಸಾಲಿನಲ್ಲಿ ನಿಲ್ಲುವುದು ಸೊಟ್ಟ ಬಾವಿ. ಯಾರು ಕಲಿಸಿದ್ದು ಎಂದು ಕೇಳುವವರೂ ಇಲ್ಲ, ಅದನ್ನು ನೋಡಿದರೆ ಯಾರೂ ಕಲಿಸಿದ್ದಲ್ಲ ಎಂದು ಗೊತ್ತಾಗುತ್ತದೆ. ಅದರ ಒಂದು ಕಂಬ ಜಲಜಕ್ಕನದು. ನನ್ನದೆಂದು ಅದರಲ್ಲಿ ಇರುವುದು ನಾನು ಎಸೆದದ್ದು.

ಕೊನೆಯ ದಿನ, ಸಂಜೆ ರಶ್ಮಿ ಕರೆದುಕೊಂಡು ಹೋಗಲು ಬರುವವಳಿದ್ದಳು. ಪ್ರಶಾಂತ ಬೆಳಿಗ್ಗೆ ಏನೋ ಕೆಲಸಕ್ಕೆ ಕಾರ್ಕಳಕ್ಕೆ ಬಂದವನು ಒಂದು ಬಾಳೆಎಲೆಯ ಕಟ್ಟು ಕೊಟ್ಟು ಹೋದ. ಜಲಜಕ್ಕ ಕಳಿಸಿದ್ದು. ಬಿಚ್ಚಿದರೆ ಕಟ್ಟದ ಮೊಗ್ಗು, ಒಂದು ಹಿಡಿ ಬಾಳೆನಾರು. ಮನೆ ತುಂಬ ಶಂಕರಪುರ. ಸಾನ್ವಿ ಹೂ ಕಟ್ಟುವುದನ್ನು ಅಲ್ಲಿ ಕಲಿತಿದ್ದಳು. ನನಗೆ ಬರುತ್ತಿರಲಿಲ್ಲ. ಸೂಜಿ ನೂಲು ಕೊಟ್ಟರೆ ಯಾವ ಹೂವನ್ನೂ ಪೋಣಿಸುತ್ತೇನೆ, ಬಾಳೆನಾರಿನ ಗಂಟು ಮಾತ್ರ ನನ್ನ ಕೈಗೆ ಯಾವತ್ತೂ ಒಗ್ಗಲಿಲ್ಲ. ಶಾಲೆಯಲ್ಲಿ ಅದು ಕ್ರಾಫ್ಟ್ ಅಲ್ಲ, ಮನೆಗೆಲಸ ಎಂದು ಬಿಟ್ಟಿದ್ದೆ.

ನನಗೆ ಒಮ್ಮೆಲೇ ಹೊಳೆಯಿತು. ಬಾರದ್ದು ಒಂದಾದರೂ ನನ್ನ ಹತ್ತಿರವೂ ಉಂಟಲ್ಲ. "ಪುಟ್ಟಿ, ನನಗೆ ಇದು ಬರುದಿಲ್ಲ. ಹೇಳಿಕೊಡ್ತೀಯಾ?" ಎಂದೆ.

ಅವಳ ಮುಖ ಅರಳಿತು. ಸ್ಕೇಲು ತಂದಳು, ಹೂವಿಗೆ ಸ್ಕೇಲು ಯಾಕೋ. ಎದುರು ಕೂರಿಸಿ, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರು ಹೀಗೆ ಸುತ್ತಿ ಹೀಗೆ ಎಳೆಯಬೇಕು ಎಂದು ತೋರಿಸಿದಳು. ನನ್ನ ಗಂಟು ಜಾರಿತು, ಮೊಗ್ಗು ಕುತ್ತಿಗೆ ಮುರಿದುಕೊಂಡವು. ಬೈಸಿಕೊಂಡೆ. ಮತ್ತೆ ಬೈಸಿಕೊಂಡೆ. ನಿಜ ಹೇಳುತ್ತೇನೆ, ಆ ಇಡೀ ರಜೆಯಲ್ಲಿ ನನಗೆ ಅಷ್ಟು ಸಂತೋಷವಾದ ಹೊತ್ತು ಇನ್ನೊಂದಿಲ್ಲ. ಜಲಜಕ್ಕ ಒಂದು ತಿಂಗಳು ಉಂಡ ಊಟದ ಒಂದು ತುತ್ತು ನನಗೂ ಸಿಕ್ಕಿತು. ಗೇಣುದ್ದದ ಮಾಲೆ ಆಯಿತು. ಮೊಗ್ಗುಗಳು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು, ಅಲ್ಲಲ್ಲಿ ನಾರು ಇಣುಕುತ್ತಿತ್ತು. ಆದರೂ ನಾನು ಕಟ್ಟಿದ್ದು. ಅದನ್ನು ಎಲೆಯ ಮೇಲೆ ಮಲಗಿಸಿ ಚಹಾ ಮಾಡಲು ಒಳಗೆ ಹೋದೆ.

ಲೋಟ ಹಿಡಿದು ಹೊರಗೆ ಬಂದಾಗ ಎಲೆಯ ಮೇಲೆ ಬೇರೆಯೇ ಮಾಲೆ ಇತ್ತು. ಒತ್ತಾಗಿ, ನೇರವಾಗಿ, ಎಲ್ಲ ಮೊಗ್ಗುಗಳೂ ಸಮಸಮ.

"ನನ್ನ ಮಾಲೆ ಎಲ್ಲಿ?"

"ಇದೇ ಅಜ್ಜಿ" ಎಂದಳು. "ಅದು ಸ್ವಲ್ಪ ಸೊಟ್ಟ ಇತ್ತಲ್ಲ. ಬಿಚ್ಚಿ ಕಟ್ಟಿದೆ. ನೋಡಿ, ಈಗ ಎಷ್ಟು ಚಂದ ಉಂಟು."

ಲೋಟವನ್ನು ಕೆಳಗಿಟ್ಟೆ. ಅವಳು ಅಣಕಿಸಲಿಲ್ಲ, ಸೇಡೂ ತೀರಿಸಲಿಲ್ಲ. ನನಗೆ ಒಳ್ಳೆಯದಾಗಲೆಂದೇ ಮಾಡಿದ್ದಳು, ನಾನು ಅವಳಿಗೆ ಮಾಡಿದ ಹಾಗೆಯೇ. ಮಾಲೆಯನ್ನು ಕೈಗೆತ್ತಿಕೊಂಡು ತುದಿಯಿಂದ ತುದಿಗೆ ಹುಡುಕಿದೆ. ನಾನು ಹಾಕಿದ ಒಂದು ಗಂಟೂ ಉಳಿದಿರಲಿಲ್ಲ. ಗಿಳಿಯ ಕಂಬವನ್ನಾದರೂ ಅವಳು ಬುಟ್ಟಿಯಿಂದ ಎತ್ತಿಕೊಳ್ಳಬಹುದಿತ್ತು. ನನಗೆ ಎತ್ತಿಕೊಳ್ಳಲು ಏನೂ ಇರಲಿಲ್ಲ. ಜಲಜಕ್ಕನ ಉಬ್ಬಿದ ಕಂಬವನ್ನು ಇರ್ಲಿ ಎಂದು ಬಿಟ್ಟವಳು ನನ್ನ ಗೇಣುದ್ದದ ಮಾಲೆಯನ್ನು ಬಿಡಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು.

ಆ ಕಿಚ್ಚಿನ ನಡುವೆಯೇ ಇನ್ನೊಂದು ತಿಳಿಯಿತು. ಅವಳ ಬೆರಳುಗಳನ್ನು ನೋಡಿದೆ, ಉಳಿದ ನಾರಿನ ಚೂರುಗಳನ್ನು ಗುಡ್ಡೆ ಮಾಡಿ ಉದ್ದದ ಪ್ರಕಾರ ಜೋಡಿಸುತ್ತಿದ್ದವು. ಜಲಜಕ್ಕ ಬೇರೆಯವರು ಮಾಡಿದ್ದನ್ನು ಬಿಚ್ಚುವವರಲ್ಲ. ಬಿಚ್ಚಿ ಸರಿ ಮಾಡದೆ ಸುಮ್ಮನಿರಲಾರದ ಕೈ ಎರಡು ಮನೆಯಲ್ಲಿ ಒಂದೇ ಮನೆಯದು, ನಮ್ಮದು.

ಸಂಜೆ ಮಾಲೆಯನ್ನು ಮುಡಿದುಕೊಂಡೇ ತಾಯಿ ಮಗಳನ್ನು ಕಾರಿನ ತನಕ ಬಿಟ್ಟು ಬಂದೆ. ಬಾವಿಯ ಪೆಟ್ಟಿಗೆ ಸಾನ್ವಿಯ ತೊಡೆಯ ಮೇಲೆ ಹೋಯಿತು. ಕತ್ತಲಾಗುವ ಹೊತ್ತಿಗೆ ಜಲಜಕ್ಕನ ಫೋನು ಬಂತು, ಹೂ ಮುಟ್ಟಿತಾ ಎಂದು ಕೇಳಲು.

"ಮುಟ್ಟಿತು. ಮುಡಿದಿದ್ದೇನೆ" ಎಂದೆ.

"ಹೌದಾ, ನೀವೇ ಕಟ್ಟಿದ್ದಾ ಟೀಚರೇ?"

"ಅಲ್ಲ ಜಲಜಕ್ಕ" ಎಂದೆ. "ನನ್ನ ಮೊಮ್ಮಗಳು ಕಟ್ಟಿದ್ದು."

ನನ್ನ ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದೆ.